ಕೆರೆ ಹೂಳು, ಕುಂಬಾರರ ಮಣ್ಣು, ಊರ ರಸ್ತೆ: ಸಣ್ಣ ಕೆಲಸಗಳಿಗೂ ಪರಿಸರ ಅನುಮತಿ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂತು ಅಂದ್ರೆ ನಮ್ಮ ತುಮಕೂರು ಕಡೆಯ ಪಂಚಾಯ್ತಿಗಳಲ್ಲಿ ಒಂದೇ ಮಾತು: ಈ ವರ್ಷವಾದರೂ ಕೆರೆ ಹೂಳು ತೆಗೆಸಬೇಕು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಅದಕ್ಕೆ ಪರಿಸರದವರ ಪರ್ಮಿಷನ್ ಬೇಕಂತೆ." ಈ ಹೆದರಿಕೆಗೇ ಕೆಲವರು ಕೆಲಸ ಕೈಬಿಡುತ್ತಾರೆ. ಇನ್ನು ಕೆಲವರು "ವಿನಾಯ್ತಿ ಇದೆ ಕಣ್ರೀ" ಅಂದುಕೊಂಡು ಗುಡ್ಡವನ್ನೇ ಬಗೆದು ಹಾಕುತ್ತಾರೆ. ಎರಡೂ ತಪ್ಪು. ಕೆರೆ ಕೆಲಸಕ್ಕೆಂದು ಓಡಾಡುವಾಗ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆರೆಯಿಂದ ಶುರುವಾಗಿ ರಸ್ತೆ, ಕ್ವಾರಿ, ಕಾಡಂಚಿನ ಅಂಗನವಾಡಿವರೆಗೂ ಹೋಗುತ್ತದೆ.

ಮೊದಲು ಇದು ಹೇಳಿ. ನಮ್ಮೂರ ಕೆರೆ ಹೂಳು ತೆಗೆಯಲು ಪರಿಸರ ಅನುಮತಿ ಬೇಕಾ?

ಬೇಡ. ನರೇಗಾದಲ್ಲಿ, ಬೇರೆ ಸರ್ಕಾರಿ ಯೋಜನೆಯಲ್ಲಿ, ಇಲ್ಲವೇ ಊರವರೇ ಸೇರಿ ಊರಿನ ಕೆರೆ ಕುಂಟೆಗಳ ಹೂಳು ತೆಗೆಯುವುದಕ್ಕೆ ಪರಿಸರ ಅನುಮತಿಯಿಂದ ವಿನಾಯ್ತಿ ಇದೆ. 2016ರ ಜನವರಿ 15ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆಯ 9ನೇ ಅನುಬಂಧದಲ್ಲಿ ಇದು ಸ್ಪಷ್ಟವಾಗಿದೆ. 2020ರ ಮಾರ್ಚ್ 28ರಂದು ಆ ಅನುಬಂಧವನ್ನು ತಿದ್ದಿ ಬರೆದರು. ಆಗಲೂ ಕೆರೆ ಹೂಳಿನ ವಿನಾಯ್ತಿ ಹಾಗೇ ಉಳಿಯಿತು.

ಆದರೆ ಇದು ಒಂದು ಕಾಗದದಿಂದ ಸಿಕ್ಕ ವಿನಾಯ್ತಿ ಅಷ್ಟೇ. ಉಳಿದ ಕಾಗದಗಳ ಮಾತು ಮುಂದೆ ಬರುತ್ತದೆ.

ಈ ಪರಿಸರ ಅನುಮತಿ ಅಂದ್ರೆ ನಿಜಕ್ಕೂ ಏನು? ಯಾರು ಕೊಡ್ತಾರೆ?

ಒಂದು ಕೆಲಸ ಶುರುವಾಗುವ ಮೊದಲೇ ಅದರಿಂದ ನೀರಿಗೆ, ಮಣ್ಣಿಗೆ, ಗಾಳಿಗೆ, ಸುತ್ತಲಿನ ಜನಕ್ಕೆ ಏನಾಗುತ್ತದೆ ಅಂತ ನೋಡಿ ಕೊಡುವ ಒಪ್ಪಿಗೆ ಇದು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 1994ರಲ್ಲಿ ಮೊದಲ ಅಧಿಸೂಚನೆ ಬಂತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರದ್ದು. ಅದರ ಜೊತೆ ಒಂದು ಪಟ್ಟಿ ಇದೆ: ಗಣಿ, ಅಣೆಕಟ್ಟು, ವಿದ್ಯುತ್ ಸ್ಥಾವರ, ಕಾರ್ಖಾನೆ, ಹೆದ್ದಾರಿ, ದೊಡ್ಡ ಕಟ್ಟಡ ಹೀಗೆ. 'ಎ' ವರ್ಗದ್ದನ್ನು ದೆಹಲಿಯ ಸಚಿವಾಲಯ ನೋಡುತ್ತದೆ. 'ಬಿ' ವರ್ಗದ್ದನ್ನು ಬೆಂಗಳೂರಿನಲ್ಲಿರುವ ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜೀಕರಣ ಪ್ರಾಧಿಕಾರ ನೋಡುತ್ತದೆ. ಅರ್ಜಿ ಹಾಕುವುದು ಪರಿವೇಶ್ ಎಂಬ ಜಾಲತಾಣದಲ್ಲಿ.

ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಈ ಅನುಮತಿ ಬೇಕಿಲ್ಲ. ಊರೊಳಗಿನ ರಸ್ತೆ, ಚರಂಡಿ, ಬಸ್ ತಂಗುದಾಣ, ಓವರ್‌ಹೆಡ್ ಟ್ಯಾಂಕು ಯಾವುದೂ ಅಲ್ಲಿಲ್ಲ. 2,000 ಹೆಕ್ಟೇರ್, ಅಂದರೆ ಸುಮಾರು 5 ಸಾವಿರ ಎಕರೆ ಅಚ್ಚುಕಟ್ಟಿನವರೆಗಿನ ಸಣ್ಣ ನೀರಾವರಿಗೂ ಬೇಡ. ಹಾಗಾಗಿ ಮೊದಲು ಕೇಳಬೇಕಾದ್ದು "ವಿನಾಯ್ತಿ ಇದೆಯಾ" ಅಂತ ಅಲ್ಲ, "ನಮ್ಮ ಕೆಲಸ ಪಟ್ಟಿಯಲ್ಲಿ ಇದೆಯಾ" ಅಂತ.

ಪಟ್ಟಿಯಲ್ಲೇ ಇಲ್ಲ ಅಂದ ಮೇಲೆ ಕೆರೆ ಹೂಳಿಗೆ ಬೇರೆ ವಿನಾಯ್ತಿ ಯಾಕೆ?

ಒಳ್ಳೆಯ ಪ್ರಶ್ನೆ. ಮಣ್ಣು, ಮರಳು, ಜೇಡಿ ಎಲ್ಲವೂ ಕಾನೂನಿನ ಕಣ್ಣಿಗೆ 'ಉಪ ಖನಿಜ'. ಅವನ್ನು ಅಗೆದರೆ ಅದು ಗಣಿಗಾರಿಕೆ ಅನ್ನಿಸಿಕೊಳ್ಳುತ್ತದೆ. ಗಣಿಗಾರಿಕೆ ಪಟ್ಟಿಯಲ್ಲಿದೆ. ಹಾಗೆ ನೋಡಿದರೆ ಮಡಕೆಗೆ ಮಣ್ಣು ತರುವ ಕುಂಬಾರನೂ ಗಣಿ ಮಾಲೀಕ ಆಗಿಬಿಡುತ್ತಾನೆ ಅಲ್ವಾ? ಹಾಗಾಗದಿರಲಿ ಅಂತಲೇ 9ನೇ ಅನುಬಂಧ ಹುಟ್ಟಿದ್ದು.

ಅದರಲ್ಲಿ ಏನೇನಿದೆ ಅಂತ ಓದಿದರೆ ಒಂದು ಹಳ್ಳಿಯ ಬದುಕೇ ಕಣ್ಣಮುಂದೆ ಬರುತ್ತದೆ. ಕುಂಬಾರರು ಮಡಕೆ, ಹಣತೆ, ಬೊಂಬೆಗೆ ತಮ್ಮ ಪದ್ಧತಿಯಂತೆ ಕೈಯಿಂದ ತೆಗೆಯುವ ಜೇಡಿಮಣ್ಣು. ಮಣ್ಣಿನ ಹೆಂಚು ಮಾಡುವವರು ಕೈಯಿಂದ ತೆಗೆಯುವ ಮಣ್ಣು. ನೆರೆ ಬಂದು ಹೊಲದ ಮೇಲೆ ಕೂತ ಮರಳನ್ನು ರೈತ ಎತ್ತಿ ಹಾಕುವುದು. ಮನೆಗೋ ಊರ ಕೆಲಸಕ್ಕೋ ಪಂಚಾಯ್ತಿ ವ್ಯಾಪ್ತಿಯಲ್ಲಿ ರೂಢಿಯಂತೆ ತರುವ ಮಣ್ಣು ಮರಳು. ಬಾವಿ ತೋಡುವುದು. ಅನುಮತಿ ಬೇಕಿಲ್ಲದ ಕಟ್ಟಡಕ್ಕೆ ಪಾಯ ಅಗೆಯುವುದು. ಕಾಲುವೆಯೋ ಕೆರೆ ಏರಿಯೋ ಒಡೆದಾಗ ಜಿಲ್ಲಾಧಿಕಾರಿ ಆದೇಶದಂತೆ ಮಣ್ಣು ತಂದು ಮುಚ್ಚುವುದು. ಅಣೆಕಟ್ಟು, ನದಿ, ಕಾಲುವೆಗಳ ನಿರ್ವಹಣೆಗೆ ಹೂಳೆತ್ತುವುದು. ನಮ್ಮ ಕರಾವಳಿಗೆ ಹತ್ತಿರದ್ದೂ ಒಂದಿದೆ: ಉಬ್ಬರ ಇಳಿತದ ಜಾಗದಲ್ಲಿ ಸತ್ತ ಚಿಪ್ಪನ್ನು ಸಾಂಪ್ರದಾಯಿಕ ಸಮುದಾಯದವರು ಕೈಯಿಂದ ಆರಿಸುವುದು. ಅಘನಾಶಿನಿಯ ಅಳಿವೆಯಲ್ಲಿ ಸುಣ್ಣದ ಚಿಪ್ಪು ತೆಗೆಯುವವರನ್ನು ನೋಡಿದವರಿಗೆ ಇದು ಯಾರ ಬಗ್ಗೆ ಅಂತ ಗೊತ್ತಾಗುತ್ತದೆ.

ಇದರಲ್ಲಿ ಮತ್ತೆ ಮತ್ತೆ ಬರುವ ಮಾತುಗಳನ್ನು ಗಮನಿಸಿ: ಕೈಯಿಂದ, ರೂಢಿಯಂತೆ, ಊರ ಕೆಲಸಕ್ಕೆ, ಸ್ವಂತಕ್ಕೆ. ವಿನಾಯ್ತಿಯ ಜೀವ ಇರುವುದು ಆ ಮಾತುಗಳಲ್ಲಿ.

ಹಾಗಾದ್ರೆ ಕೆರೆಗೆ ಸೀದಾ ಜೆಸಿಬಿ ಇಳಿಸಬಹುದಾ?

ಇಳಿಸಬೇಡಿ. ಕೆರೆ ಊರಿನದೇ ಆದರೂ ದಾಖಲೆಯಲ್ಲಿ ಅದಕ್ಕೊಬ್ಬ ಒಡೆಯ ಇರುತ್ತಾನೆ. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯ್ತಿ ರಾಜ್ ಕಡೆಗೆ ಸೇರಿದ್ದು. 40ರಿಂದ 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಯದು. ಅವರ ಒಪ್ಪಿಗೆ ಬರಹದಲ್ಲಿ ಬೇಕು. ಕೆರೆ ಅಂಗಳದ ಹದ್ದುಬಸ್ತು ಸರ್ವೆ ಆಗಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಹೂಳು ತೆಗೆಯುವ ನೆಪದಲ್ಲಿ ಪಕ್ಕದ ಹೊಲದವರ ಜೊತೆ ಜಗಳ ಶುರುವಾಗುತ್ತದೆ. ಒತ್ತುವರಿ ಇದ್ದರೆ ತೆರವು ಮಾಡಿಸಲು ಇದೇ ಸರಿಯಾದ ಹೊತ್ತು. 2014ರಲ್ಲಿ ಕರ್ನಾಟಕ ಕೆರೆಗಳ ಸಂರಕ್ಷಣೆಗೆಂದೇ ಪ್ರಾಧಿಕಾರದ ಕಾಯ್ದೆ ಬಂದಿದೆ. ಅದೂ ನಿಮ್ಮ ಬೆನ್ನಿಗಿರುತ್ತದೆ.

ಕೆರೆಯೊಳಗೆ ಮರಗಳಿದ್ದರೆ ಅರಣ್ಯ ಇಲಾಖೆಯ ಮಾತು ಬರುತ್ತದೆ. ಜಾಲಿ ತಾನೇ ಅಂತ ಸುಮ್ನೆ ಕಡಿದು ಹಾಕಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆಗೂ ಪರಿಸರ ಅನುಮತಿಗೂ ಸಂಬಂಧವಿಲ್ಲ. ಒಂದರಲ್ಲಿ ವಿನಾಯ್ತಿ ಸಿಕ್ಕಿದರೆ ಇನ್ನೊಂದರಲ್ಲೂ ಸಿಕ್ಕಿದ ಹಾಗಲ್ಲ.

ಇನ್ನು ಹಕ್ಕಿಗಳು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಜನ ಕಟ್ಟಿದ ನೀರಾವರಿ ಕೆರೆಯೇ. ಅದರ ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಎರಡೂ ಕೆರೆಗಳು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದವು. ಅಂಥ ಕಡೆ "ಊರ ಕೆರೆ, ವಿನಾಯ್ತಿ ಇದೆ" ಅಂದರೆ ನಡೆಯುವುದಿಲ್ಲ. ನಿಮ್ಮ ಕೆರೆ ಯಾವ ಪಟ್ಟಿಯಲ್ಲೂ ಇಲ್ಲದಿರಬಹುದು. ಆದರೂ ಹಕ್ಕಿ ಮರಿ ಮಾಡುವ ತಿಂಗಳು ಬಿಟ್ಟು ಕೆಲಸ ಮಾಡುವುದು ನಮ್ಮ ಕೈಲೇ ಇದೆ.

ತೆಗೆದ ಗೋಡನ್ನು, ಅಂದರೆ ಕೆರೆ ಹೂಳು ಮಣ್ಣನ್ನು, ಮಾರಬಹುದಾ?

ಎಲ್ಲ ತಂಟೆ ಶುರುವಾಗುವುದು ಇಲ್ಲೇ. ರೈತರು ತಮ್ಮ ಹೊಲಕ್ಕೆ ಗೋಡು ಹೊಡೆದುಕೊಳ್ಳುವುದು ತಲೆತಲಾಂತರದ ಪದ್ಧತಿ. ಊರವರ ಕೆಲಸ ಅಂತ ವಿನಾಯ್ತಿ ಕೊಟ್ಟಿದ್ದೂ ಇದನ್ನು ನೋಡಿಯೇ. ಅದೇ ಮಣ್ಣನ್ನು ಇಟ್ಟಿಗೆ ಗೂಡಿಗೋ ಲೇಔಟ್ ತುಂಬಿಸಲಿಕ್ಕೋ ಲೋಡ್ ಲೆಕ್ಕದಲ್ಲಿ ಮಾರಿದರೆ ಅದು ವ್ಯಾಪಾರ. ಆಗ ಗಣಿ ಮತ್ತು ಭೂವಿಜ್ಞಾನ ಇಲಾಖೆ, ರಾಜಧನ, ಸಾಗಣೆ ಪರವಾನಗಿ ಎಲ್ಲ ಬಂದು ನಿಲ್ಲುತ್ತವೆ. "ಇದು ಹೂಳೆತ್ತುವುದಲ್ಲ, ಗಣಿಗಾರಿಕೆ" ಅಂತ ಯಾರಾದರೂ ದೂರು ಕೊಟ್ಟರೆ ಉತ್ತರ ಕೊಡುವುದು ಕಷ್ಟ.

ಒಂದು ಗುರುತು ಹೇಳುತ್ತೇನೆ. ಕೆಲಸ ನಡೆಯುತ್ತಿರುವ ಕೆರೆಗೆ ಹೋಗಿ ಟ್ರ್ಯಾಕ್ಟರುಗಳು ಎತ್ತ ಹೋಗುತ್ತಿವೆ ನೋಡಿ. ಅಚ್ಚುಕಟ್ಟಿನ ಕಡೆ ಹೋಗುತ್ತಿದ್ದರೆ ಹೂಳೆತ್ತುತ್ತಿದ್ದಾರೆ ಅಂತ. ಟಾರ್ಪಾಲು ಮುಚ್ಚಿದ ಟಿಪ್ಪರುಗಳು ಹೆದ್ದಾರಿ ಕಡೆ ಹೊರಟಿದ್ದರೆ ಅದು ಬೇರೆ ಕಥೆ.

ಎಷ್ಟು ಆಳ ತೆಗೆಯಬೇಕು? ವಿನಾಯ್ತಿಯಲ್ಲಿ ಅಳತೆ ಇದೆಯಾ?

ಊರ ಕೆರೆಗೆ ಅಂತ ಆಳದ ಅಳತೆಯನ್ನು ಅನುಬಂಧ ಹೇಳಿಲ್ಲ. ಅಳತೆಯನ್ನು ಕೆರೆಯೇ ಹೇಳುತ್ತದೆ. ಇದನ್ನು ನಾನು ಕಲಿತದ್ದು ನಮ್ಮೂರ ಕೆರೆಯಲ್ಲಿ, ಅದೂ ತಡವಾಗಿ.

ಶಿವರಾತ್ರಿ ಕಳೆದ ಮೇಲೆ ಕೆಲಸ ಶುರು ಮಾಡಿದ್ದೆವು. ಮೇಲಿನ ಎರಡು ಮೂರು ಅಡಿ ಕಪ್ಪು ಗೋಡು. ಒಣಗಿ ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಏಳುತ್ತಿತ್ತು. ನಾಲ್ಕನೇ ದಿನ ಹಳೇ ನೀರುಗಂಟಿ ತಾತ ಕೋಲೂರಿಕೊಂಡು ಗುಂಡಿಗೆ ಇಳಿದರು. ಒಬ್ಬ ಹುಡುಗನ ಕೈಯಿಂದ ಹಾರೆ ತೆಗೆದುಕೊಂಡು ತಳಕ್ಕೆ ಒಂದು ಗುದ್ದು ಹಾಕಿದರು. ಹಾರೆ ತುದಿಗೆ ಹತ್ತಿದ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದರು. ಗೋಡು ಪುಡಿಯಾಗುತ್ತದೆ. ಇದು ಪುಡಿಯಾಗಲಿಲ್ಲ. ಹಳದಿ ಬಣ್ಣದ ಜೇಡಿ, ಬತ್ತಿಯ ಹಾಗೆ ಉದ್ದಕ್ಕೆ ಬಂತು. "ಇದು ಕೆರೆ ತಳ ಕಣ್ರಪ್ಪಾ. ಇದನ್ನ ಒಡೆದರೆ ನೀರು ನಿಲ್ಲಲ್ಲ. ಇಲ್ಲಿಗೆ ಸಾಕು ಮಾಡಿ" ಅಂದರು. ನಾವು ಸಾಕು ಮಾಡಿದೆವು.

ಆದರೆ ಕೋಡಿಯ ಕಡೆಯ ಮೂಲೆಯಲ್ಲಿ ರಾತ್ರಿ ಹೊತ್ತು ಬೇರೆ ಯಾರೋ ಹಿಟಾಚಿ ಇಳಿಸಿದರು. ಜೇಡಿಯ ಕೆಳಗಿನ ಗರಸು ರಸ್ತೆ ಕೆಲಸಕ್ಕೆ ಚೆನ್ನಾಗಿತ್ತು. ಕೇಳಿದರೆ "ಕೆರೆ ಹೂಳಿಗೆ ವಿನಾಯ್ತಿ ಇದೆ" ಅನ್ನುವ ಉತ್ತರ. ಎರಡಾಳು ಆಳದ ಗುಂಡಿ, ಗೋಡೆಯ ಹಾಗೆ ನೆಟ್ಟಗಿನ ಅಂಚು. ಆ ವರ್ಷ ಮಳೆ ಚೆನ್ನಾಗಿಯೇ ಬಂತು. ಮುಂಚೆ ಶಿವರಾತ್ರಿವರೆಗೂ ನಿಲ್ಲುತ್ತಿದ್ದ ನೀರು ಸಂಕ್ರಾಂತಿಗೆ ಮೊದಲೇ ಇಳಿದುಹೋಯಿತು. ನೀರು ಕುಡಿಯಲು ಇಳಿದ ಎಮ್ಮೆಯೊಂದು ಆ ಗುಂಡಿಯಲ್ಲಿ ಸಿಕ್ಕಿಬಿದ್ದು, ಹಗ್ಗ ಹಾಕಿ ಎಳೆಯಲು ಹನ್ನೆರಡು ಜನ ಬೇಕಾದರು. ಅಲ್ಲಿ ಮಕ್ಕಳಿದ್ದಿದ್ದರೆ ಅಂತ ಈಗಲೂ ನೆನೆಸಿಕೊಳ್ಳಲು ಆಗುವುದಿಲ್ಲ.

ಹಾಗಾಗಿ ಮೂರು ಮಾತು ಎಸ್ಟಿಮೇಟಿನಲ್ಲೇ ಬರೆಸಿ: ಜೇಡಿ ಪದರ ಮುಟ್ಟುವಂತಿಲ್ಲ, ಏರಿಯ ಬುಡದಿಂದ ದೂರ ಇರಬೇಕು, ಅಂಚು ಇಳಿಜಾರಾಗಿರಬೇಕು.

ರಸ್ತೆ ಕಾಮಗಾರಿಗೆ ಎಲ್ಲಿಂದ ಬೇಕಾದರೂ ಮಣ್ಣು ತೆಗೆಯಬಹುದು ಅಂತ ಗುತ್ತಿಗೆದಾರರು ಹೇಳ್ತಾರೆ. ನಿಜವಾ?

ಒಂದು ಕಾಲದಲ್ಲಿ ಅವರು ಹೇಳಿದ್ದು ನಿಜವೇ ಆಗಿತ್ತು. 2020ರ ಮಾರ್ಚ್ 28ರ ತಿದ್ದುಪಡಿಯಲ್ಲಿ ಕುಂಬಾರರು ರೈತರ ಪಕ್ಕದಲ್ಲೇ ಒಂದು ಹೊಸ ಸಾಲು ಬಂದು ಕೂತಿತು: ರಸ್ತೆ, ಪೈಪ್‌ಲೈನ್‌ನಂಥ ಉದ್ದುದ್ದದ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಅನುಮತಿ ಬೇಡ ಅಂತ. ಎಷ್ಟು ಮಣ್ಣು, ಎಷ್ಟು ಜಾಗ, ಯಾವ ರೀತಿ, ಏನೂ ಇರಲಿಲ್ಲ. ಯಾವುದನ್ನು ಅಂಥ ಯೋಜನೆ ಅನ್ನಬೇಕು ಅನ್ನುವುದೂ ಇರಲಿಲ್ಲ. ದೇಶಕ್ಕೆ ಲಾಕ್‌ಡೌನ್ ಬಿದ್ದು ಮೂರೇ ದಿನ ಆಗಿತ್ತು. ಜನರ ಆಕ್ಷೇಪಣೆ ಕೇಳದೆಯೇ ಇದನ್ನು ತಂದಿದ್ದರು.

2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ಸಾಲನ್ನು ರದ್ದು ಮಾಡಿತು. ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಸಂಜಯ್ ಕರೋಲ್ ಅವರ ಪೀಠ. ಅಳತೆ ಇಲ್ಲದ, ಕಾವಲಿಲ್ಲದ ವಿನಾಯ್ತಿ ಮನಸೋಇಚ್ಛೆಯದು ಅನ್ನುವುದು ತೀರ್ಪಿನ ಸಾರ. ಲಾಕ್‌ಡೌನ್ ಹೊತ್ತಿನಲ್ಲಿ ಅಷ್ಟು ಅವಸರ ಏನಿತ್ತು ಅಂತಲೂ ಕೇಳಿತು. ಈ ತೀರ್ಪು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಮಡಕೆ ಮಾಡುವವನ ಬುಟ್ಟಿ ಮಣ್ಣಿಗೂ ಹೆದ್ದಾರಿಯ ಸಾವಿರಾರು ಟಿಪ್ಪರ್ ಮಣ್ಣಿಗೂ ಒಂದೇ ಬಾಗಿಲು ಇರಕೂಡದು.

2025ರ ಮಾರ್ಚ್‌ನಲ್ಲಿ ಸಚಿವಾಲಯ ಈ ವಿನಾಯ್ತಿಯನ್ನು ಷರತ್ತುಗಳ ಜೊತೆ ಮತ್ತೆ ತಂದಿದೆ. ಹಾಗಾಗಿ ನಿಮ್ಮೂರ ಗುಡ್ಡಕ್ಕೆ ಯಂತ್ರ ಬಂದರೆ "ವಿನಾಯ್ತಿ ಇದೆ" ಅನ್ನುವ ಮಾತಿಗೆ ಸುಮ್ಮನಾಗಬೇಡಿ. ಷರತ್ತು ಏನು, ಎಷ್ಟು ಘನ ಮೀಟರ್ ತೆಗೆಯುತ್ತೀರಿ, ಗುಂಡಿ ಮುಚ್ಚುವವರು ಯಾರು ಅಂತ ಕಾಗದ ಕೇಳಿ.

ಕಲ್ಲು ಕ್ವಾರಿ 5 ಹೆಕ್ಟೇರ್‌ಗಿಂತ ಚಿಕ್ಕದಿದ್ದರೆ ಬೇಡ ಅಲ್ವಾ?

ಬೇಕು. ಹಳೇ ಕಾಲದ ಮಾತು ಇನ್ನೂ ಓಡಾಡುತ್ತಿದೆ. 2006ರ ಅಧಿಸೂಚನೆಯಲ್ಲಿ 5 ಹೆಕ್ಟೇರ್, ಅಂದರೆ 12 ಎಕರೆ 14 ಗುಂಟೆಗಿಂತ ಕಡಿಮೆ ಇದ್ದ ಗಣಿ ಪಟ್ಟಿಯಿಂದ ಹೊರಗಿತ್ತು. ಆಮೇಲೆ ಏನಾಯಿತು? ದೊಡ್ಡ ಜಾಗವನ್ನು ಐದೈದು ಹೆಕ್ಟೇರಿನೊಳಗೆ ತುಂಡು ಮಾಡಿ ಗುತ್ತಿಗೆ ಕೊಡುವುದು ಶುರುವಾಯಿತು. ಒಂದೊಂದೂ ಚಿಕ್ಕದು, ಒಟ್ಟು ಸೇರಿದರೆ ಇಡೀ ನದಿ. ಹರಿಯಾಣದ ಮರಳು ಗುತ್ತಿಗೆಗಳ ಬಗ್ಗೆ ನಡೆದ ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. 5 ಹೆಕ್ಟೇರ್‌ಗಿಂತ ಕಡಿಮೆ ಇದ್ದರೂ ಅನುಮತಿ ಬೇಕು ಅಂತಾಯಿತು.

ಈಗ ಅಕ್ಕಪಕ್ಕದ ಗುತ್ತಿಗೆಗಳನ್ನು ಸೇರಿಸಿಯೂ ನೋಡುತ್ತಾರೆ. ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರ್ ಒಳಗಿದ್ದರೆ ಅವೆಲ್ಲ ಒಂದೇ ಗುಂಪು.

ಮಿನಿ ಹೈಡೆಲ್‌ಗಳಿಗೆ ವಿನಾಯ್ತಿ ಯಾಕೆ? ಅವು ಅಷ್ಟು ಚಿಕ್ಕವಾ?

ಜಲವಿದ್ಯುತ್ತಿನಲ್ಲಿ ಗೆರೆ ಎಳೆದಿರುವುದು 25 ಮೆಗಾವ್ಯಾಟ್‌ಗೆ. ಅದಕ್ಕಿಂತ ಕಡಿಮೆ ಇದ್ದರೆ ಪರಿಸರ ಅನುಮತಿ ಬೇಡ. 2006ರ ಅಧಿಸೂಚನೆ ಬಂದಾಗ 25ರಿಂದ 50ರವರೆಗಿನದನ್ನು ರಾಜ್ಯ, 50 ಮತ್ತು ಮೇಲಿನದನ್ನು ಕೇಂದ್ರ ನೋಡುತ್ತಿತ್ತು. ಇದರ ಫಲ ಏನು ಅಂತ ಪಶ್ಚಿಮ ಘಟ್ಟದವರಿಗೆ ಚೆನ್ನಾಗಿ ಗೊತ್ತು: 24.75 ಮೆಗಾವ್ಯಾಟ್‌ನ ಯೋಜನೆಗಳು. ಗೆರೆಗೆ ಕಾಲು ಮೆಗಾವ್ಯಾಟ್ ಕಡಿಮೆ. ವಿದ್ಯುತ್ತು ಚಿಕ್ಕದಿರಬಹುದು. ಆದರೆ ಹೊಳೆಗೆ ಅಡ್ಡ ಕಟ್ಟೆ, ಗುಡ್ಡದೊಳಗೆ ಸುರಂಗ, ಕಾಡಿನ ನಡುವೆ ಯಂತ್ರ ಹೋಗುವ ರಸ್ತೆ, ಕಂಬ, ತಂತಿ ಇವು ಚಿಕ್ಕವಲ್ಲ. ಕಟ್ಟೆಯಿಂದ ಪವರ್‌ಹೌಸ್‌ವರೆಗೆ ಹೊಳೆಯ ಪಾತ್ರ ಬೇಸಿಗೆಯಲ್ಲಿ ಬರೀ ಬಂಡೆ. ಅಲ್ಲಿನ ಮೀನು, ಕಪ್ಪೆಗಳಿಗೆ ಮೆಗಾವ್ಯಾಟ್ ಲೆಕ್ಕ ಗೊತ್ತಿಲ್ಲ.

ಅರಣ್ಯ ಜಮೀನು ಬೇಕಿದ್ದರೆ ಅದರ ಅನುಮತಿ ಬೇರೆ ಬೇಕೇ ಬೇಕು. ಘಟ್ಟದ ಎಷ್ಟೋ ಹೋರಾಟಗಳಿಗೆ ಸಿಕ್ಕ ಹಿಡಿ ಅದೇ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಹೊಳೆಯ ಮೇಲಿನ ಎಲ್ಲ ಕಟ್ಟೆಗಳನ್ನು ಸೇರಿಸಿ ನೋಡಬೇಕು. ಕ್ವಾರಿಗೆ 500 ಮೀಟರಿನ ಗುಂಪು ಲೆಕ್ಕ ಇರುವಾಗ ಹೊಳೆಗೆ ಯಾಕಿರಬಾರದು?

ಎತ್ತಿನಹೊಳೆಗೂ ಪರಿಸರ ಅನುಮತಿ ಬೇಡ ಅಂದರಲ್ಲ, ಅದು ಸಣ್ಣ ಯೋಜನೆಯಾ?

ಖಂಡಿತ ಅಲ್ಲ. 24 ಟಿಎಂಸಿ ನೀರನ್ನು ಘಟ್ಟದಿಂದ ಎತ್ತಿ ಬಯಲುಸೀಮೆಗೆ ತರುವ ಯೋಜನೆ ಅದು. ಅಲ್ಲಿ ಗಾತ್ರ ಲೆಕ್ಕಕ್ಕೆ ಬರಲಿಲ್ಲ, ಹೆಸರು ಬಂತು. ಪಟ್ಟಿಯಲ್ಲಿ ನೀರಾವರಿ ಇದೆ, ಜಲವಿದ್ಯುತ್ ಇದೆ, ಕುಡಿಯುವ ನೀರು ಇಲ್ಲ. ಇದು ಕುಡಿಯುವ ನೀರಿನ ಯೋಜನೆ ಅನ್ನುವ ವಾದವನ್ನು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಪ್ಪಿತು. ಆ ನೀರಿಗೆ ಕಾಯುತ್ತಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಾಯಾರಿಕೆ ನನಗೂ ಗೊತ್ತು. ಆದರೂ ಇಷ್ಟು ದೊಡ್ಡ ಕೆಲಸ ಪರೀಕ್ಷೆಗೆ ಕೂರದೇ ಪಾಸಾಗಬಾರದಿತ್ತು ಅಂತಲೇ ನನ್ನ ನಂಬಿಕೆ.

ಶಾಲೆ, ಸಮುದಾಯ ಭವನ ಕಟ್ಟಲು?

ಒಟ್ಟು ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟದಿದ್ದರೆ ಬೇಡ. ಅದು ಸುಮಾರು 2 ಲಕ್ಷ 15 ಸಾವಿರ ಚದರ ಅಡಿ. ಊರ ಯಾವ ಕಟ್ಟಡವೂ ಅಷ್ಟು ದೊಡ್ಡದಿರುವುದಿಲ್ಲ. ನೆಲಮಾಳಿಗೆಯೂ ಲೆಕ್ಕಕ್ಕೆ ಸೇರುತ್ತದೆ ಅನ್ನುವುದು ನೆನಪಿರಲಿ. 2025ರ ಜನವರಿ 29ರ ಅಧಿಸೂಚನೆಯಲ್ಲಿ ಶಾಲೆ, ಕಾಲೇಜು, ಹಾಸ್ಟೆಲ್, ಕೈಗಾರಿಕಾ ಶೆಡ್ಡುಗಳು ಎಷ್ಟು ದೊಡ್ಡವಾದರೂ ವಿನಾಯ್ತಿ ಸಿಗುವ ಹಾಗೆ ಮಾಡಿದ್ದರು. ಅದೇ ವರ್ಷ ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ಅಷ್ಟು ಭಾಗವನ್ನು ತೆಗೆದುಹಾಕಿತು.

ನಮ್ಮದು ಕಾಡೊಳಗಿನ ಆದಿವಾಸಿ ಹಾಡಿ. ಅಂಗನವಾಡಿಗೂ ಬಿಡ್ತಿಲ್ಲ. ಏನು ಮಾಡೋದು?

ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ಆದರೆ ಎಷ್ಟೋ ಹಾಡಿಗಳಿಗೆ ಅದನ್ನು ಯಾರೂ ಹೇಳಿಲ್ಲ ಅನ್ನುವುದು ಬೇಸರದ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ತೆಗೆದು ನೋಡಿ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರವಾಣಿ ತಂತಿ, ಕೆರೆ ಮತ್ತು ಸಣ್ಣ ಜಲಾಶಯ, ಕುಡಿಯುವ ನೀರು ಮತ್ತು ಪೈಪು, ಮಳೆನೀರು ಸಂಗ್ರಹ, ಸಣ್ಣ ಕಾಲುವೆ, ಸೋಲಾರ್‌ನಂಥ ಇಂಧನ, ತರಬೇತಿ ಕೇಂದ್ರ, ರಸ್ತೆ, ಸಮುದಾಯ ಭವನ. ಒಟ್ಟು 13 ಬಗೆಯ ಸೌಲಭ್ಯಕ್ಕೆ ಸರ್ಕಾರ ಅರಣ್ಯ ಜಮೀನು ಕೊಡಬಹುದು. ಅರಣ್ಯ ಸಂರಕ್ಷಣಾ ಕಾಯ್ದೆಯ ದೊಡ್ಡ ದಾರಿ ಹಿಡಿಯಬೇಕಿಲ್ಲ.

ಷರತ್ತು ಮೂರು. ಒಂದೊಂದು ಕೆಲಸಕ್ಕೂ ಜಾಗ 1 ಹೆಕ್ಟೇರ್‌ಗಿಂತ ಕಡಿಮೆ, ಅಂದರೆ ಸುಮಾರು ಎರಡೂವರೆ ಎಕರೆಯೊಳಗೆ ಇರಬೇಕು. ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಇರಲೇಬೇಕು. ಗ್ರಾಮಸಭೆಯ ಠರಾವು ಸರಿಯಾಗಿ ಬರೆದು, ನಕ್ಷೆ ಸೇರಿಸಿ ವಲಯ ಅರಣ್ಯಾಧಿಕಾರಿಯ ಮೂಲಕ ವಿಭಾಗೀಯ ಅರಣ್ಯಾಧಿಕಾರಿಗೆ ಕಳಿಸಿ. ಅರ್ಜಿಯಲ್ಲಿ "ಕಲಂ 3(2)ರ ಅಡಿ" ಅನ್ನುವ ಮಾತು ಮೊದಲ ಸಾಲಿನಲ್ಲೇ ಇರಲಿ. ಇಲ್ಲದಿದ್ದರೆ ಅರ್ಜಿ ಬೇರೆ ಮೇಜಿಗೆ ಹೋಗಿ ಅಲ್ಲೇ ಕೂತುಬಿಡುತ್ತದೆ.

ಹೆದ್ದಾರಿಯಿಂದಲೋ ರೈಲು ಹಳಿಯಿಂದಲೋ ಊರಿಗೆ ಹೋಗುವ ತುಂಡು ದಾರಿಗೆ ಇನ್ನೊಂದು ವಿನಾಯ್ತಿ 2023ರ ತಿದ್ದುಪಡಿಯಲ್ಲಿ ಬಂದಿದೆ. 0.10 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 10 ಗುಂಟೆವರೆಗೆ.

ಚಿಕ್ಕ ಉದ್ದಿಮೆ ಇಟ್ಟುಕೊಳ್ಳಬೇಕು. ಮಾಲಿನ್ಯ ಮಂಡಳಿಯ ಒಪ್ಪಿಗೆ?

ಇದು ಪರಿಸರ ಅನುಮತಿಗಿಂತ ಬೇರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ. ಉದ್ದಿಮೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿದ್ದಾರೆ. ಬಿಳಿ ಅಂದರೆ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆ: ಸೀಮೆಸುಣ್ಣ ತಯಾರಿ, ಸೈಕಲ್ ಜೋಡಣೆ, ಸೋಲಾರ್ ವಿದ್ಯುತ್ ಇಂಥವು. 2024ರ ನವೆಂಬರ್‌ನಿಂದ ಬಿಳಿ ವರ್ಗಕ್ಕೆ ಸಮ್ಮತಿ ಪತ್ರವೂ ಬೇಡ. ಮಂಡಳಿಗೆ ತಿಳಿಸಿದರೆ ಸಾಕು.

'ಬಿ2' ಅಂತಾರಲ್ಲ, ಅದೂ ವಿನಾಯ್ತಿನಾ?

ಅರ್ಧ ವಿನಾಯ್ತಿ. 'ಬಿ' ವರ್ಗದೊಳಗಿನ ಒಂದು ಉಪ ವರ್ಗ ಇದು. ಅನುಮತಿ ಬೇಕು, ಆದರೆ ಪೂರ್ತಿ ವರದಿಯೂ ಜನರ ಅಹವಾಲು ಸಭೆಯೂ ಬೇಡ. ಜನಕ್ಕೆ ತಟ್ಟುವುದು ಇದೇ. ಸಭೆ ನಡೆಯುವುದಾದರೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ವರದಿಯ ಸಾರಾಂಶ ಕನ್ನಡದಲ್ಲಿ ಸಿಗುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಕಡೆಯ ಅಧಿಕಾರಿ ಕೂತು ಕೇಳುತ್ತಾರೆ. ಸಭೆ ಇಲ್ಲ ಅಂದರೆ ಊರಿಗೆ ಗೊತ್ತಾಗುವುದು ಯಂತ್ರ ಬಂದ ದಿನ.

2020ರ ಕರಡು ಅಧಿಸೂಚನೆ ಇಂಥ ಅರ್ಧ ವಿನಾಯ್ತಿಗಳನ್ನು ತುಂಬಾ ಹಿಗ್ಗಿಸಲು ಹೊರಟಿತ್ತು. ಅದೂ ಜನರ ಭಾಷೆಯಲ್ಲಿ ಇರಲಿಲ್ಲ. ಅದನ್ನು ದೇಶದ 22 ಭಾಷೆಗಳಿಗೂ ತರಬೇಕು ಅಂತ 2020ರ ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ತನ್ನ ಹೊಲದ ಪಕ್ಕ ಏನು ಬರುತ್ತದೆ ಅನ್ನುವುದನ್ನು ರೈತ ಕನ್ನಡದಲ್ಲಿ ಓದುವುದು ಅವನ ಹಕ್ಕು.

ವಿನಾಯ್ತಿ ಇದೆ ಅಂತ ಯಾರಾದರೂ ಪತ್ರ ಕೊಡ್ತಾರಾ?

ಸಾಮಾನ್ಯವಾಗಿ ಇಲ್ಲ. ಹಾಗಾಗಿ ನಿಮ್ಮ ಕಡತವೇ ನಿಮ್ಮ ಕಾವಲು. ಗ್ರಾಮಸಭೆಯ ನಡಾವಳಿ, ಕೆರೆಯ ಒಡೆತನ ಇರುವ ಇಲಾಖೆಯ ಒಪ್ಪಿಗೆ, ಸರ್ವೆ ನಕ್ಷೆ, ಎಸ್ಟಿಮೇಟು, ಅಳತೆ ಪುಸ್ತಕದ ಪ್ರತಿ ಎಲ್ಲ ಒಂದೇ ಕಡೆ ಇಡಿ. ಕೆಲಸಕ್ಕೆ ಮೊದಲು, ನಡುವೆ, ಆಮೇಲೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ತೂಬಿನ ಕಲ್ಲಿನ ಪಕ್ಕ ನಿಂತರೆ ಒಳ್ಳೆಯದು, ಗುರುತು ತಪ್ಪುವುದಿಲ್ಲ. ಯಾವ ರೈತ ಎಷ್ಟು ಲೋಡು ಗೋಡು ಒಯ್ದ ಅನ್ನುವುದಕ್ಕೆ ನಾವು ಒಂದು ಸಾದಾ ನೋಟ್‌ಬುಕ್ ಇಟ್ಟಿದ್ದೆವು. ಹೆಸರು, ಸರ್ವೆ ನಂಬರ್, ಲೋಡು, ಸಹಿ. ದೂರು ಬಂದು ಅಧಿಕಾರಿಗಳು ಬಂದಾಗ ಅವರು ಮೊದಲು ಕೈಗೆತ್ತಿಕೊಂಡದ್ದೇ ಆ ನೋಟ್‌ಬುಕ್.

ವಿನಾಯ್ತಿ ಹೆಸರಲ್ಲಿ ಯಾರೋ ಗುಡ್ಡ ಬಗೆಯುತ್ತಿದ್ದಾರೆ. ಯಾರಿಗೆ ಹೇಳೋದು?

ಮೊದಲು ಪಿಡಿಒ ಮತ್ತು ತಹಶೀಲ್ದಾರ್‌ಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಣ್ಣು, ಮರಳು, ಕಲ್ಲಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೂ ಕೊಡಿ. ಸರ್ವೆ ನಂಬರ್, ದಿನಾಂಕ, ಟಿಪ್ಪರ್ ನಂಬರ್, ಫೋಟೋ ಇದ್ದರೆ ದೂರಿಗೆ ತೂಕ ಬರುತ್ತದೆ. ಜೊತೆಗೇ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ: "ಈ ಸರ್ವೆ ನಂಬರಿನಲ್ಲಿ ನಡೆಯುತ್ತಿರುವ ಕೆಲಸಕ್ಕೆ ಕೊಟ್ಟಿರುವ ಅನುಮತಿ ಅಥವಾ ವಿನಾಯ್ತಿಯ ಆದೇಶದ ಪ್ರತಿ ಕೊಡಿ." 30 ದಿನದಲ್ಲಿ ಉತ್ತರ ಬರಬೇಕು. "ಅಂಥ ಆದೇಶ ಇಲ್ಲ" ಅಂತ ಬಂದರೆ ಅದೇ ನಿಮ್ಮ ದೊಡ್ಡ ಸಾಕ್ಷಿ.

ಇಷ್ಟಾದರೂ ನಿಲ್ಲದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ದಕ್ಷಿಣ ಪೀಠ ಇರುವುದು ಚೆನ್ನೈಯಲ್ಲಿ. ಕೆಲಸ ಶುರುವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕೊಟ್ಟ ಅನುಮತಿಯನ್ನೇ ಪ್ರಶ್ನಿಸುವುದಾದರೆ 30 ದಿನ. ಈ ಗಡುವು ಮರೆತು ಎಷ್ಟೋ ಊರುಗಳ ಅರ್ಜಿ ಬಾಗಿಲಲ್ಲೇ ವಾಪಸಾಗಿದೆ. ಯಂತ್ರ ಬಂದ ಮೊದಲ ದಿನವೇ ತಾರೀಕು ಬರೆದಿಟ್ಟುಕೊಳ್ಳಿ.